ಅಡುಗೆಮನೆಯ ಫಾರಿನ್ ಪದವೀಧರೆ

ಮನೆಯಲ್ಲೊಬ್ಬ ಡಾಕ್ಟರಿದ್ದರೆ ಬಿ.ಪಿ. ಹತೋಟಿಯಲ್ಲಿರುತ್ತದೆ ಎಂದು ಹೊಳಬಸಪ್ಪನವರು ನಂಬಿದ್ದರು. ಆ ನಂಬಿಕೆ ಡಿಸೆಂಬರಿನ ಒಂದು ಬೆಳಿಗ್ಗೆ, ಚಹಾದ ಹೊತ್ತಿನಲ್ಲಿ, ಸ್ವಂತ ಮಗಳಿಂದಲೇ ಸುಳ್ಳಾಯಿತು.

ಮಗಳು ಸ್ನೇಹಲ್ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರೆಸಿಡೆನ್ಸಿ ಸೀಟಿಗೆ ಅರ್ಜಿ ತುಂಬುತ್ತಿದ್ದಳು. ರೆಸಿಡೆನ್ಸಿ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿದವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ನಿದ್ದೆಗೆಟ್ಟು ದುಡಿದು ತಜ್ಞರಾಗುವ ವ್ಯವಸ್ಥೆ. (ಪುಣೆಯ ಹಡಪಸರದ ತಮ್ಮ ಪಾತ್ರೆ ಅಂಗಡಿಯಲ್ಲಿ ಹೊಳಬಸಪ್ಪನವರು ಇದನ್ನು ‘ಡಾಕ್ಟರಕಿಂತ ಮ್ಯಾಲಿನ ಡಾಕ್ಟರ್’ ಎಂದು ಗಿರಾಕಿಗಳಿಗೆ ವಿವರಿಸುತ್ತಿದ್ದರು. ಕುಕ್ಕರ್ ಕೊಳ್ಳಲು ಬಂದವರು ಕೂಡ ಕೇಳಿಸಿಕೊಂಡೇ ಹೋಗಬೇಕಿತ್ತು.) ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದವರು, ಅವಳು ಟಿಕ್ ಹಾಕಿದ ಒಂದು ಚೌಕವನ್ನು ಕಂಡು ಬಸಿಯನ್ನು ಕೆಳಗಿಟ್ಟರು.

“ಇದೇನು ಹಚ್ಚೀದಿ? ಫಾರಿನ್ ಮೆಡಿಕಲ್ ಗ್ರಾಜುಯೇಟ್? ಯಾರು ಫಾರಿನ್?”

“ನಾನಪ್ಪಾ.”

“ನೀ ಯಾವಾಗ ಫಾರಿನ್ ಆದಿ? ನೀ ಹುಟ್ಟಿದ್ದು ಇಲ್ಲೇ ಹಡಪಸರದಾಗ. ನಾ ಖುದ್ದ ದವಾಖಾನಿ ಹೊರಗ ಬಾಕಿನ ಮ್ಯಾಲ ಕುಂತಿದ್ದೆ. ಸಾಕ್ಷಿ ಬೇಕಂದ್ರ ನಿಮ್ಮವ್ವ ಅದಾಳ. ಆಕೀನೂ ಅಲ್ಲೇ ಇದ್ಲು.”

“ಹುಟ್ಟಿದ್ದು ಯಾರು ಕೇಳ್ಯಾರಪ್ಪಾ? ಓದಿದ್ದು ಎಲ್ಲಿ ಅಂತ ಕೇಳ್ಯಾರ. ನಾ ಓದಿದ್ದು ಜಾರ್ಜಿಯಾದಾಗ.”

ಅದು ನಿಜವೇ. ಇಲ್ಲಿ ಸೀಟು ಸಿಗದೆ, ಹಿಮ ಬೀಳುವ ಆ ದೇಶಕ್ಕೆ ಮಗಳನ್ನು ಕಳಿಸಿದವರು ಅವರೇ. ಅವಳ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ, ಮೇಲೊಂದು ಸ್ವೆಟರ್ ಇಟ್ಟು, ವಿಮಾನ ಕಾಣದಾಗುವವರೆಗೂ ಕೈ ಬೀಸಿದವರೂ ಅವರೇ. ಪದವಿ ಹಿಡಿದು ಬಂದ ಮಗಳನ್ನು ಈ ದೇಶ ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರದೇಶದಲ್ಲಿ ಓದಿದವರಿಗೆಂದೇ ಇರುವ ಪರೀಕ್ಷೆ ಬರೆ ಎಂದಿತು. ಬರೆದು ಪಾಸಾದಳು. ಒಂದು ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿ ದುಡಿ ಎಂದಿತು. ದುಡಿದಳು. ಆಮೇಲೆ ಎಲ್ಲ ಡಾಕ್ಟರುಗಳ ಜೊತೆ ರೆಸಿಡೆನ್ಸಿಯ ಪ್ರವೇಶ ಪರೀಕ್ಷೆಯನ್ನೂ ಬರೆದಳು. ಇಷ್ಟೆಲ್ಲ ಆದ ಮೇಲೆ ಮಗಳ ಮೈಗೆ ಅಂಟಿದ್ದ ಫಾರಿನ್ ಪೂರ್ತಿ ತೊಳೆದುಹೋಗಿದೆ ಎಂದು ಹೊಳಬಸಪ್ಪನವರು ಭಾವಿಸಿದ್ದರು. ಈಗ ನೋಡಿದರೆ ಅದು ಬೆಚ್ಚಗೆ ಚೌಕದೊಳಗೆ ಕೂತಿತ್ತು.

“ಮ್ಯಾಲಿನ ಮನೀ ಅಶ್ವಿನ್ ಏನು ಬರದಾನ?” ಎಂದು ಕೇಳಿದರು. ಅಶ್ವಿನ್ ಮೇಲಿನ ಮಹಡಿಯ ಬೆಂಗಳೂರು ಕಡೆಯವರ ಮಗ. ಹುಟ್ಟಿದ್ದು ಅಮೆರಿಕದಲ್ಲಿ, ಪಾಸ್‌ಪೋರ್ಟು ಅಲ್ಲಿಯದೇ. ಹೋದ ವರ್ಷವಷ್ಟೇ ಅವನಿಗೆ ರೆಸಿಡೆನ್ಸಿ ಸಿಕ್ಕಿತ್ತು.

“ಆತ ಎಂ.ಬಿ.ಬಿ.ಎಸ್. ಮಾಡಿದ್ದು ಪುಣೇದಾಗ. ಹಂಗಾಗಿ ಇಂಡಿಯನ್ ಗ್ರಾಜುಯೇಟ್,” ಎಂದಳು ಸ್ನೇಹಲ್, ಕಣ್ಣು ಲ್ಯಾಪ್‌ಟಾಪಿನಿಂದ ಎತ್ತದೆ.

ಇದನ್ನು ಹೊಳಬಸಪ್ಪನವರಿಗೆ ನುಂಗಲಾಗಲಿಲ್ಲ. ಹಡಪಸರದಲ್ಲಿ ಹುಟ್ಟಿದವಳು ಪರದೇಶಿ, ಅಮೆರಿಕದಲ್ಲಿ ಹುಟ್ಟಿದವನು ಸ್ವದೇಶಿ! ಅಂಗಡಿಗೆ ಹೊರಟವರು ಲಿಫ್ಟಿನಲ್ಲಿ ಅಶ್ವಿನ್‌ನನ್ನೇ ಹಿಡಿದರು.

“ತಮ್ಮಾ, ನೀ ಅಮೆರಿಕಾದಾಂವ ಹೌದಲ್ಲೋ?”

“ಪಾಸ್‌ಪೋರ್ಟ್ ಅಲ್ಲೀದು ಅಂಕಲ್. ಡಿಗ್ರಿ ಇಲ್ಲೀದು. ಪಾಸ್‌ಪೋರ್ಟ್ ಕಾಲಮ್ ಬೇರೆ, ಕಾಲೇಜ್ ಕಾಲಮ್ ಬೇರೆ.”

“ಅಂದ್ರ ಅಮೆರಿಕಾಕ್ಕ ಹ್ವಾದ್ರ ನೀ ಅಲ್ಲಿ ಮನೀ ಹುಡುಗ.”

“ಇಲ್ಲ ಅಂಕಲ್!” ಅಶ್ವಿನ್ ನಕ್ಕ. “ಅಲ್ಲಿ ರೆಸಿಡೆನ್ಸಿಗೆ ಅಪ್ಲೈ ಮಾಡಿದ್ರೆ ನಾನು ಫಾರಿನ್ ಗ್ರಾಜುಯೇಟ್. ಸಿಟಿಜನ್ ಹೌದು, ಆದ್ರೂ ಓದಿದ್ದು ಹೊರಗೆ ಅಂತ ಅವರಿಗೆ ಬೇರೆ ಕೆಟಗರಿನೇ ಇದೆ. ಅದೇ ನಿಮ್ಮ ಸ್ನೇಹಲ್ ಅಲ್ಲಿಯ ಕಾಲೇಜಲ್ಲಿ ಓದಿದ್ದಿದ್ರೆ, ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ ಅಲ್ಲಿ ಲೋಕಲ್ ಗ್ರಾಜುಯೇಟ್ ಆಗಿರೋಳು.”

ಲಿಫ್ಟು ನೆಲಮಹಡಿಗೆ ಬಂದು ಬಾಗಿಲು ತೆರೆಯಿತು. ಅಶ್ವಿನ್ ಹೋದ. ಹೊಳಬಸಪ್ಪನವರು ಯೋಚಿಸುತ್ತ ಒಳಗೇ ನಿಂತದ್ದರಿಂದ ಯಾರೋ ಗುಂಡಿ ಒತ್ತಿ ಅವರನ್ನು ಮತ್ತೆ ಮೇಲಕ್ಕೆ ಕರೆಸಿಕೊಂಡರು.

ಜ್ಞಾನೋದಯವಾದದ್ದು ಅಂಗಡಿಯಲ್ಲಿ. ಮಧ್ಯಾಹ್ನ ಒಬ್ಬ ಹೆಂಗಸು ಬಂದು ಒಂದು ಪಾತೇಲಿ ಎತ್ತಿದಳು. ಎತ್ತಿದವಳು ಮೊದಲು ಮಾಡಿದ್ದು ಅದನ್ನು ಬೋರಲು ಹಾಕಿ ತಳದ ಮುದ್ರೆ ಓದಿದ್ದು. ಪಾತ್ರೆ ಎಲ್ಲಿ ತಯಾರಾಯಿತು ಎಂದು ನೋಡಿದಳೇ ಹೊರತು, ಅದರ ಕಬ್ಬಿಣ ಯಾವ ಊರಿನ ಗಣಿಯಲ್ಲಿ ಹುಟ್ಟಿತು ಎಂದು ಕೇಳಲಿಲ್ಲ. ಇಡೀ ಜೀವನ ಪಾತ್ರೆಗಳ ತಳ ತಿರುವಿದ್ದ ಹೊಳಬಸಪ್ಪನವರಿಗೆ ಪಟಕ್ಕನೆ ಎಲ್ಲ ತಿಳಿಯಿತು. ಈ ನಿಯಮ ಮಾಡಿದವನು ಯಾರೋ ನಮ್ಮ ಧಂದೆಯವನೇ ಇರಬೇಕು ಎನ್ನಿಸಿ ಅವನ ಮೇಲೆ ಗೌರವವೇ ಬಂತು.

ಬೆಳಿಗ್ಗೆ ವಿರೋಧಿಸಿದ ನಿಯಮಕ್ಕೆ ಸಂಜೆಯ ಹೊತ್ತಿಗೆ ಅವರು ಪ್ರಚಾರಕರಾದರು. ಕಟಿಂಗ್ ಅಂಗಡಿಯವನು ಉತ್ತರಪ್ರದೇಶದವನಾದರೂ ಕತ್ತರಿ ಹಿಡಿದದ್ದು ಪುಣೆಯಲ್ಲಿ, ಆದ್ದರಿಂದ ಪುಣೆಯ ಪದವೀಧರ. ಇಡ್ಲಿ ಗಾಡಿಯ ಅಣ್ಣ ತಮಿಳಿನವನು, ಇಡ್ಲಿ ಕಲಿತದ್ದು ಸೋಲಾಪುರದಲ್ಲಿ, ಆದ್ದರಿಂದ ಅವನ ಇಡ್ಲಿ ಫಾರಿನ್. ಹಿಂಜವಾಡಿಯಿಂದ ಕಂಪನಿ ಬಸ್ಸಿನಲ್ಲಿ ದಣಿದು ಬಂದ ಮಗ ಮಾಂತು ಬೂಟು ಬಿಚ್ಚುವ ಮೊದಲೇ ಅವನ ವರ್ಗೀಕರಣವೂ ಮುಗಿದಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರ ದೃಷ್ಟಿ ಅಡುಗೆಮನೆಯ ಕಡೆ ಹರಿಯಿತು.

ಅಡುಗೆಮನೆಯಲ್ಲಿ ಆಗ ಶೀತಲ ಸಮರ ನಡೆಯುತ್ತಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಉತ್ತರ ಕರ್ನಾಟಕದ ಮಂದಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯ ಒಂದು ಪಾಲನ್ನು ಭೂಮಿತಾಯಿಗೆಂದು ಪೈರಿನಲ್ಲಿ ಎರಚುತ್ತಾರೆ. ಅದೇ ಚರಗ. ಆಮೇಲೆ ಅಲ್ಲೇ ಕೂತು ಉಣ್ಣುತ್ತಾರೆ. ಹಡಪಸರದ ಕನ್ನಡ ಬಳಗದವರಿಗೆ ಸ್ವಂತ ಹೊಲವಿಲ್ಲದ್ದರಿಂದ, ಅವಧೂತ ಎಂಬ ಮರಾಠಿ ಸ್ನೇಹಿತರ ಹೊಲದಲ್ಲಿ ಚರಗ ಚೆಲ್ಲುವುದು ರೂಢಿಯಾಗಿತ್ತು. ಬಳಗಕ್ಕೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಒಯ್ಯುವ ಮಾನ ಹೊಳಬಸಪ್ಪನವರ ಹೆಂಡತಿ ಭೀಮವ್ವನವರದು. ಅವರ ರೊಟ್ಟಿಯ ಗಂಟು ಬಿಚ್ಚಿದಾಗಲೇ ಹಬ್ಬ ಶುರುವಾಯಿತೆಂದು ಲೆಕ್ಕ.

ಮರಾಠಿ ಮನೆತನದಿಂದ ಬಂದ ಸೊಸೆ ಆರತಿ ಈ ವರ್ಷ ತಾನೂ ಒಂದಿಷ್ಟು ರೊಟ್ಟಿ ಬಡಿಯುತ್ತೇನೆ ಎಂದಳು. ಎಂದದ್ದು ಮೆಲ್ಲಗೇ. ಆದರೆ ಭೀಮವ್ವನವರು ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಸದ್ದಾಗುವಂತೆ ಹಾಕಿದರು.

“ನೀ ಚಪಾತಿ ಮಾಡವಾ. ಚಪಾತಿ ಭಾಳ ಛಲೋ ಮಾಡ್ತಿ. ರೊಟ್ಟಿ ಅಂದ್ರ ನಿಮ್ಮ ಮರಾಠಿ ಮಂದಿ ಭಾಕರಿ ಅಲ್ಲ. ಅದಕ್ಕ ನಮ್ಮ ಕಡೆ ಕೈನ ಬೇಕು.”

ಮದುವೆಯಾಗಿ ಬಂದ ಲಾಗಾಯ್ತು ಆರತಿ ಆ ಅಡುಗೆಮನೆಯಲ್ಲಿ ಚಪಾತಿ ವಿಭಾಗದಿಂದ ಮೇಲಕ್ಕೆ ಬಡ್ತಿ ಪಡೆದಿರಲಿಲ್ಲ. ಅವಳು ಎದುರು ಮಾತಾಡುವವಳಲ್ಲ. ಮಾತಾಡುವುದರ ಬದಲು ಆ ದಿನ ಚಪಾತಿಗಳನ್ನು ಅತಿ ವಿನಯದಿಂದ, ಅತಿ ತೆಳ್ಳಗೆ, ಅತಿ ದುಂಡಗೆ ಮಾಡಿ ಅತ್ತೆಯ ಮುಂದಿಟ್ಟಳು. ಅತ್ತೆಯೂ ಅಷ್ಟೇ ವಿನಯದಿಂದ ‘ನನಗ ಹಸಿವಿಲ್ಲ’ ಎಂದರು.

ಇದನ್ನು ಶಾಶ್ವತವಾಗಿ ಬಗೆಹರಿಸಲು ಹೊಳಬಸಪ್ಪನವರ ತಲೆಯಲ್ಲಿ ದಿವ್ಯ ಯೋಜನೆ ಹೊಳೆಯಿತು. ರೊಟ್ಟಿ ಮಾಡುವವರನ್ನೂ ಡಾಕ್ಟರರಂತೆ ವರ್ಗೀಕರಿಸಿಬಿಡುವುದು! ಯಾರು ಎಲ್ಲಿ ಕಲಿತರು ಎಂದು ಎಲ್ಲರ ಮುಂದೆ ಕೇಳುವುದು. ಭೀಮವ್ವ ಜಮಖಂಡಿಯವಳು, ಸ್ವದೇಶಿ ಪದವೀಧರೆ. ಆರತಿ ಪುಣೆಯ ಮರಾಠಿ ಹುಡುಗಿ, ಫಾರಿನ್. ಸೊಸೆಗೆ ಅವಮಾನವಾಗದಂತೆ ನಿಯಮದ ಮೇಲೆ ತಪ್ಪು ಹೊರಿಸಿ, ಹೆಂಡತಿಯ ಕಡೆ ತೀರ್ಪು ಕೊಟ್ಟು, ತಾವು ಧರ್ಮಾತ್ಮರೆನ್ನಿಸಿಕೊಳ್ಳುವುದು. ಯೋಜನೆಯಲ್ಲಿ ಒಂದೂ ತೂತು ಕಾಣಲಿಲ್ಲ. ಸ್ನೇಹಲ್ ಮಾತ್ರ ಎಚ್ಚರಿಸಿದಳು.

“ಅಪ್ಪಾ, ಆ ಚೌಕ ಎಲ್ಲಿ ಓದಿದ್ರು ಅಷ್ಟ ಹೇಳ್ತದ. ಯಾರು ಶ್ಯಾಣ್ಯಾರು ಅಂತ ಹೇಳೂದಿಲ್ಲ. ನೀವು ಅದರಾಗ ಕೈ ಹಾಕಬ್ಯಾಡ್ರಿ.”

“ನೀ ಸುಮ್ಕಿರು. ನೀ ಡಾಕ್ಟರ್ ಇರಬಹುದು, ರೊಟ್ಟಿ ವಿಷಯದಾಗ ನಾ ಪ್ರೊಫೆಸರ್. ಕಣ್ಣು ಕಟ್ಟಿ ತಿನ್ನಿಸು, ಇದು ಜಮಖಂಡಿ ರೊಟ್ಟಿ, ಇದು ಅಲ್ಲ ಅಂತ ಹೇಳ್ತೀನಿ.”

ಈ ಮಾತನ್ನು ಅವರು ಬಳಗದ ಪ್ರತಿ ಸಭೆಯಲ್ಲೂ ಹೇಳಿದ್ದರು. ಬಳಗದವರು ಅದನ್ನು ನಂಬಿಯೂ ಇದ್ದರು.

ಭಾನುವಾರ ಬೆಳಿಗ್ಗೆ ನಾಷ್ಟಾ ಮುಗಿದ ಮೇಲೆ ಹಾಲ್‌ನಲ್ಲಿ ನ್ಯಾಯಪೀಠ ಸ್ಥಾಪನೆಯಾಯಿತು. ಸೋಫಾದ ನಡುವೆ ಹೊಳಬಸಪ್ಪನವರು. ಎದುರು ಕುರ್ಚಿಯಲ್ಲಿ ಅಭ್ಯರ್ಥಿಗಳು. ಭೀಮವ್ವನವರು ಸೊಪ್ಪು ಬಿಡಿಸುತ್ತ ಕೂತಿದ್ದರು. (ಅವರಿಗೆ ಈ ಆಟದಲ್ಲಿ ಆಸಕ್ತಿ ಇರಲಿಲ್ಲ. ಗಂಡ ಪ್ರತಿ ಭಾನುವಾರ ಏನಾದರೊಂದು ಕಂಡುಹಿಡಿಯುತ್ತಾರೆ, ಮಧ್ಯಾಹ್ನದ ನಿದ್ದೆಗೆ ಅದು ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.) ಮಾಂತು ಬಾಗಿಲ ಹತ್ತಿರ, ಅಂದರೆ ಬೇಕಾದಾಗ ಓಡಿಹೋಗಬಹುದಾದ ಜಾಗದಲ್ಲಿ ನಿಂತಿದ್ದ.

“ಆರತಿ, ಮದಲ ನೀ ಹೇಳವಾ. ಹುಟ್ಟಿದ್ದು ಎಲ್ಲಿ ಅಂತ ನಾ ಕೇಳೂದಿಲ್ಲ. ಅದಕ್ಕ ಕಿಮ್ಮತ್ತಿಲ್ಲ. ರೊಟ್ಟಿ ಬಡಿಯೂದು ಎಲ್ಲಿ ಕಲ್ತಿ?”

“ವಿಜಾಪುರದಾಗ್ರಿ ಮಾಮಾ.”

ಹೊಳಬಸಪ್ಪನವರು ಕನ್ನಡಕ ಸರಿಪಡಿಸಿಕೊಂಡರು. “ಎಲ್ಲಿ?”

“ನಮ್ಮಪ್ಪ ರೇಲ್ವೇದಾಗ ಇದ್ರಲ್ರಿ. ನಾ ಹತ್ತನೇತ್ತಾ ಮುಗಿಸೂತನಾ ಅಲ್ಲೇ ಕ್ವಾಟರ್ಸ್‌ದಾಗ ಇದ್ವಿ. ಬಾಜೂ ಮನೀ ಅಜ್ಜಿ ಕಲಿಸಿದ್ರು. ನಮ್ಮವ್ವ ಆಫೀಸಿಗೆ ಹೋಗ್ತಿದ್ಲು, ನಾ ಸಾಲಿಯಿಂದ ಬಂದಾಕಿನ ಅಜ್ಜಿ ಕಡೆ ಕುಂದರ್ತಿದ್ದೆ.”

ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಆರತಿಯ ಕನ್ನಡ ಕೇಳಿಯೇ ಮಾಂತು ಮರುಳಾಗಿದ್ದು. ಆದರೆ ಸೊಸೆ ಮರಾಠಿಯವಳು ಎಂಬ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರಿಂದ, ವಿಜಾಪುರ ಎಂಬುದು ಹೊಳಬಸಪ್ಪನವರ ಲೆಕ್ಕಕ್ಕೆ ಬಂದೇ ಇರಲಿಲ್ಲ. ನಿಯಮದ ಪ್ರಕಾರ ಸೊಸೆ ಅಪ್ಪಟ ಸ್ವದೇಶಿ ಪದವೀಧರೆಯಾಗಿ ಕೂತಿದ್ದಳು. ಪರವಾಗಿಲ್ಲ, ಇಬ್ಬರೂ ಸ್ವದೇಶಿ ಎಂದು ತೀರ್ಪು ಕೊಟ್ಟರಾಯಿತು ಎಂದುಕೊಂಡು ಹೆಂಡತಿಯ ಕಡೆ ತಿರುಗಿದರು.

“ಈಗ ನೀ ಹೇಳು. ಎಲ್ಲಿ ಕಲ್ತಿ?”

ಭೀಮವ್ವನವರು ಸೊಪ್ಪಿನ ಮೇಲೆ ಬಗ್ಗಿದ್ದ ತಲೆಯನ್ನು ಎತ್ತಲಿಲ್ಲ. “ಸಾಕ್ ಏಳ್ರಿ. ನಾ ಪಲ್ಯಾಕ್ಕ ಇಡಬೇಕು.”

“ಪಲ್ಯಾ ಎಲ್ಲಿ ಓಡಿಹೋಗ್ತದ? ಜಮಖಂಡಿ ಅಂತ ಒಂದು ಶಬ್ದ ಅಂದ್ಬಿಡು. ದಾಖಲಾಗಲಿ.”

“ಬ್ಯಾಡ್ರಿ ಅಂದ್ನೆಲ್ಲಾ.”

“ಹೇಳಾಕ ಯಾಕ ನಾಚಿಕಿ? ಸಣ್ಣಾಕಿ ಧೈರ್ಯದಿಂದ ಹೇಳ್ಯಾಳ. ನಿಮ್ಮವ್ವ ಕಲಿಸಿದ್ಲೋ, ನಿಮ್ಮಜ್ಜಿ ಕಲಿಸಿದ್ಲೋ?”

ಭೀಮವ್ವನವರು ಬುಟ್ಟಿಯನ್ನು ಪಕ್ಕಕ್ಕಿಟ್ಟರು. “ಶಿಂದೆ ಕಾಕು ಕಲಿಸಿದ್ಲು,” ಎಂದರು.

ಶಿಂದೆ ಕಾಕು ಎಂದರೆ ಹೊಳಬಸಪ್ಪನವರು ಹೊಸದಾಗಿ ಮದುವೆಯಾದಾಗ ಇದ್ದ, ಇದೇ ಪುಣೆಯ ಖಡಕಿಯ ಚಾಳಿನಲ್ಲಿ ಪಕ್ಕದ ಖೋಲಿಯ ಹೆಂಗಸು. ಸಾತಾರಾ ಕಡೆಯವರು. ಕನ್ನಡದ ಒಂದಕ್ಷರ ತಿಳಿಯದವರು.

“ನಾ ಐದು ಮಂದಿ ಅಕ್ಕಾರ ಮ್ಯಾಲ ಹುಟ್ಟಿದಾಕಿ,” ಎಂದರು ಭೀಮವ್ವ, ತಗ್ಗಿದ ಧ್ವನಿಯಲ್ಲಿ. “ನಮ್ಮ ಮನ್ಯಾಗ ನನಗ ಒಲಿ ಮುಂದ ಕುಂದ್ರಸಿದ್ದ ಇಲ್ಲ. ಮದುವಿ ಆಗಿ ಖಡಕಿಗೆ ಬಂದಾಗ ನನಗ ಹಿಟ್ಟು ಕಲಸಾಕೂ ಬರ್ತಿರಲಿಲ್ಲ. ನೀವು ಮುಂಜಾನೆ ಎದ್ದು ‘ನಮ್ಮವ್ವನಂಥ ರೊಟ್ಟಿ ಬೇಕು’ ಅಂದ್ರಿ. ನಾ ಹಿತ್ತಲದಾಗ ಅಳಕೋತ ನಿಂತಿದ್ದೆ. ಆಕಿ ಗ್ವಾಡಿ ಮ್ಯಾಲಿಂದ ನೋಡಿ ಕೈ ಹಿಡಿದು ಕಲಿಸಿದ್ಲು. ನಾ ಕಲಿಯೂತನಾ ತನ್ನ ಮನೀವು ಕೊಡ್ತಿದ್ಲು. ಮದಲನೇ ತಿಂಗಳು ನೀವು ‘ಜಮಖಂಡಿ ಅಂದ್ರ ಜಮಖಂಡಿ’ ಅಂತ ಹಾಡಿ ಹೊಗಳಿ ತಿಂದವು ಅವೆಲ್ಲಾ ಶಿಂದೆ ಕಾಕುನ ಭಾಕರಿ.”

ಮಾಂತು ಬಾಗಿಲಿನಿಂದ ಮಾಯವಾದ. ಆರತಿ ನೆಲ ನೋಡುತ್ತಿದ್ದಳು. ಗೆದ್ದವಳ ಮುಖದಲ್ಲಿ ಗೆಲುವಿರಲಿಲ್ಲ. ಭೀಮವ್ವನವರು ಎದ್ದು, ಬುಟ್ಟಿಯನ್ನು ಸೊಸೆಯ ತೊಡೆಯ ಮೇಲಿಟ್ಟರು.

“ಈ ವರ್ಷ ರೊಟ್ಟಿ ನೀನ ಮಾಡವಾ. ನಾ ಫಾರಿನ್ ಹೆಂಗಸು. ಯಾರರ ಕೇಳಿದ್ರ ಹಂಗ ಹೇಳ್ರಿ. ಬಳಗದಾಗೂ ಹೇಳ್ರಿ.”

ಒಳಕೋಣೆಯ ಬಾಗಿಲು ಹಾಕಿಕೊಂಡಿತು.

ಹೊಳಬಸಪ್ಪನವರಿಗೆ ನಿಜಕ್ಕೂ ಕೆಟ್ಟದೆನಿಸಿತು. ಹೆಂಡತಿಗೆ ಕಿರೀಟ ಇಡಲು ಹೋಗಿ ಇದ್ದ ಸೆರಗನ್ನೂ ಕಿತ್ತುಕೊಂಡಂತಾಗಿತ್ತು. ಅವಳ ಬದುಕಿನಲ್ಲಿ ನಾಲ್ಕು ಜನ ಕರೆದು ಗೌರವಿಸುತ್ತಿದ್ದದ್ದು ಆ ಒಂದು ರೊಟ್ಟಿಗೆ. ಅದನ್ನೂ ತಾವೇ, ಸೋಫಾದ ಮೇಲೆ ಕಾಲು ಚಾಚಿ ಕೂತು, ಕಳೆದಿದ್ದರು. ಬಾಗಿಲ ಹೊರಗೆ ನಿಂತು “ಭೀಮಾ, ಆ ರೂಲು ಸುಡ್ಲ್ಯಾಕ” ಎಂದರು. “ಜಮಖಂಡಿ ಏನು ದೊಡ್ಡ ಊರಲ್ಲ ತಗೋ” ಎಂದರು. ಒಳಗಿನಿಂದ ಚಿಲಕ ಹಾಕಿದ ಸದ್ದು ಬಂತು.

ಆಮೇಲಿನ ದಿನಗಳಲ್ಲಿ ಭೀಮವ್ವನವರು ಅನ್ನ ಸಾರು ಮಾಡುತ್ತಿದ್ದರು, ಬಡಿಸುತ್ತಿದ್ದರು, ಹಂಚನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಆರತಿಯೂ ಮುಟ್ಟಲಿಲ್ಲ. “ಅತ್ತಿ ಕೂಡದ ನಾ ಒಬ್ಬಾಕಿ ಮಾಡೂದಿಲ್ರಿ” ಎಂದುಬಿಟ್ಟಳು. ಸಜ್ಜೆ ರೊಟ್ಟಿ ಹಬ್ಬಕ್ಕೆ ಮೊದಲೇ ಮಾಡಿಡಬೇಕಾದದ್ದು. ಬಳಗದ ಕಾರ್ಯದರ್ಶಿ ಸುದೀಪ ಫೋನ್ ಮಾಡಿ, ಈ ವರ್ಷ ಮಂದಿ ಹೆಚ್ಚು, ರೊಟ್ಟಿ ಜಾಸ್ತಿ ಇರಲಿ ಎಂದ. ‘ಆಗಲಿ ಆಗಲಿ’ ಎಂದು ಹೊಳಬಸಪ್ಪನವರು ಫೋನ್ ಇಟ್ಟು, ಬೆವರು ಒರೆಸಿಕೊಂಡರು. ಸುಳ್ಳು ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಯಾವ ಸುಳ್ಳು ಹೇಳಬೇಕೆಂದು ಹೊಳೆಯಲಿಲ್ಲ. ಮನೆಯಲ್ಲಿ ಒಳ್ಳೆಯ ಸುಳ್ಳು ಹೊಳೆಯುತ್ತಿದ್ದುದು ಭೀಮವ್ವನಿಗೇ.

ಅಂಥ ಒಂದು ಸಂಜೆ ಸ್ನೇಹಲ್‌ಳ ಮೊಬೈಲಿಗೆ ಸುದ್ದಿ ಬಂತು. ಪುಣೆಯಲ್ಲೇ, ಮಕ್ಕಳ ವಿಭಾಗದಲ್ಲಿ ರೆಸಿಡೆನ್ಸಿ ಸೀಟು ಸಿಕ್ಕಿತ್ತು. ಅವಳು ಮೊದಲು ಓಡಿದ್ದು ಅವ್ವನ ಕೋಣೆಗೆ. ಹೊಳಬಸಪ್ಪನವರು ಹಿಂದೆ ಓಡಿದರು. ಆದರೆ ಒಳಗೆ ಹೋಗುವ ಧೈರ್ಯವಾಗದೆ ಬಾಗಿಲ ಪರದೆಯ ಹೊರಗೇ ನಿಂತರು.

“ಸೀಟು ಸಿಕ್ತವ್ವಾ!”

“ಛಲೋ ಆತು ನನ್ನವ್ವಾ, ಛಲೋ ಆತು.” ಭೀಮವ್ವ ಮಗಳಿಗೆ ನೆಟಿಗೆ ಮುರಿದದ್ದು ಹೊರಗೂ ಕೇಳಿಸಿತು. “ಮತ್ತ ನಿನಗ ಫಾರಿನ್ ಅಂತ ಹಚ್ಚಿದ್ರಲ್ಲಾ? ಹ್ಯಾಂಗ ಕೊಟ್ರು?”

“ಅದು ಎಲ್ಲಿ ಓದಿದ್ದು ಅಂತ ಬರಕೊಳ್ಳಾಕ ಅವ್ವಾ. ಸೀಟು ಕೊಟ್ಟಿದ್ದು ಪರೀಕ್ಷಾದ ರ‍್ಯಾಂಕ್ ನೋಡಿ. ಅಲ್ಲಿ ನಾನೂ ಒಂದ, ಇಲ್ಲೇ ಓದಿದಾವ್ರೂ ಒಂದ. ನೀ ಫಾರಿನ್ ಅನ್ನಿಸ್ಕೊಂಡ್ರ ನಾಚಿಕಿ ಅಂದ್ರ, ನನಗೂ ನಾಚಿಕಿ ಅನ್ನು ಮತ್ತ. ನಾವಿಬ್ರೂ ಒಂದ ಖಾನೇದಾಗ ಅದೀವಿ.”

ಪರದೆಯಾಚೆ ಸ್ವಲ್ಪ ಹೊತ್ತು ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಹೊಳಬಸಪ್ಪನವರೂ ಶಬ್ದವಾಗದಂತೆ ಒರೆಸಿಕೊಂಡರು. ಆಮೇಲೆ ಭೀಮವ್ವನವರ ಮಾತು ಕೇಳಿಸಿತು. ಈ ಸಲ ಅದರಲ್ಲಿ ಹಳೆಯ ಖಾರ ಮರಳಿತ್ತು.

“ಹಂಗಾರ ಒಂದು ಪರೀಕ್ಷಾ ಇಡು.”

“ಯಾರಿಗವ್ವಾ? ನಿನಗೂ ವೈನಿಗೂ?”

“ನಮಗ್ಯಾಕ? ಪರೀಕ್ಷಾ ತಗೊಳ್ಳಾಕ ಹೊಂಟಾರಲ್ಲಾ, ಮದಲ ಅವರಿಗೆ ಇಡು. ಆ ಪರದೇ ಹಿಂದ ನಿಂತಾರ ನೋಡು, ಅವರಿಗೆ.”

ಮರುದಿನ ಪರೀಕ್ಷೆ ನಡೆಯಿತು. ಊಟದ ಟೇಬಲ್ಲಿನ ಮೇಲೆ ಮೂರು ತಟ್ಟೆ. ಒಂದರಲ್ಲಿ ಭೀಮವ್ವನ ರೊಟ್ಟಿ, ಒಂದರಲ್ಲಿ ಆರತಿಯದು, ಒಂದರಲ್ಲಿ ಮಾಂತು ಆಫೀಸಿನಿಂದ ಬರುತ್ತ ಅಂಗಡಿಯಲ್ಲಿ ಕೊಂಡ ಪ್ಯಾಕೆಟ್ ರೊಟ್ಟಿ. ಯಾವುದು ಯಾವುದೆಂಬುದು ಹೊಳಬಸಪ್ಪನವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಆರತಿ ಮಾವನ ಕಣ್ಣಿಗೆ ಟವೆಲ್ ಕಟ್ಟಿ, “ಬಿಗಿ ಆತೇನ್ರಿ ಮಾಮಾ?” ಎಂದು ಕೇಳಿ, ಇನ್ನೂ ಸ್ವಲ್ಪ ಬಿಗಿ ಮಾಡಿದಳು.

ಹೊಳಬಸಪ್ಪನವರಿಗೆ ಒಳಗೊಳಗೆ ಖುಷಿಯೇ. ಹೋದ ಮಾನವನ್ನು ಗಳಿಸಲು ಇದು ಸದವಕಾಶ. ಹೆಂಡತಿಯ ರೊಟ್ಟಿಯನ್ನು ಗುರುತಿಸಿ, ಅದರ ಮುಂದೆ ಜಗತ್ತೇ ಇಲ್ಲ ಎಂದು ಸಾರಿದರೆ ಅವಳೂ ಕರಗುತ್ತಾಳೆ. ಮೊದಲ ತಟ್ಟೆಯಿಂದ ಒಂದು ತುಣುಕು ಮುರಿದು ಬಾಯಿಗೆ ಹಾಕಿ, ತಲೆಯನ್ನು ಓರೆ ಮಾಡಿ, ಮೆಲ್ಲಗೆ ಅಗಿದರು.

“ಇದು ಆರತಿದು. ಸಣ್ಣಾಕಿ ಕೈ. ರುಚಿ ಅದ, ಖರೆ ಸ್ವಲ್ಪ ಅಂಜಿಕಿ ಅದ. ಅನುಭವ ಸಾಲದು.”

ಎರಡನೆಯದನ್ನು ಬೇಗ ನುಂಗಿದರು. “ಇದು ಅಂಗಡೀದು. ಮಷೀನ್ದಾಗ ಮಾಡಿದ್ದು. ಜೀವಾನ ಇಲ್ಲ ಇದರಾಗ.”

ಮೂರನೆಯದು ಬಾಯಿಗೆ ಹೋಯಿತು. ಹೊಳಬಸಪ್ಪನವರು ಅಗಿಯುವುದನ್ನು ನಿಲ್ಲಿಸಿದರು.

“ಇದು!” ಎಂದರು. “ಇದಕ್ಕ ಪರೀಕ್ಷಾ ಬೇಕೇನು? ಇದು ನಮ್ಮ ಭೀಮಾಂದು. ಎಲ್ಲೆರ ಕಲ್ತಿರ್ಲಿ, ಯಾರರ ಕಲಿಸಿರ್ಲಿ, ಈ ಕೈ ಬ್ಯಾರೇನ. ಸಂಸಾರದ ಪ್ರೀತಿ ಇದ್ರ ಇಂಥ ರೊಟ್ಟಿ ಆಗ್ತದ. ಖಡಕಿ ಚಾಳಿನ ದಿನಾ ನೆನಪಾದ್ವು ನನಗ.”

ಎಲ್ಲರೂ ಭಾವುಕರಾಗಿರಬೇಕು ಎಂದುಕೊಂಡು ಹೊಳಬಸಪ್ಪನವರು ಟವೆಲನ್ನು ಮೇಲಕ್ಕೆ ಸರಿಸಿದರು. ಎದುರಿಗೆ ಸ್ನೇಹಲ್ ತುಟಿ ಕಚ್ಚಿಕೊಂಡು ನಿಂತಿದ್ದಳು. ಆರತಿ ಸೆರಗು ಬಾಯಿಗೆ ಹಿಡಿದಿದ್ದಳು. ಬಾಲ್ಕನಿಯಲ್ಲಿ ಮಾಂತು ಕಂಬಿಗೆ ಹಣೆ ಹಚ್ಚಿ ಅಲುಗಾಡುತ್ತಿದ್ದ. ಭೀಮವ್ವನವರು ಪ್ಲಾಸ್ಟಿಕ್ ಪ್ಯಾಕೆಟ್ಟೊಂದನ್ನು ಅವರ ಮುಂದೆ ಇಟ್ಟರು.

“ಸಂಸಾರದ ಪ್ರೀತಿ ಇದರಾಗ ತುಂಬಿ ಮಾರ್ತಾರಂತ್ರಿ. ಮದಲನೇದ್ದು ನಂದು. ಅನುಭವ ಸಾಲದ್ದು. ಜೀವಾ ಇಲ್ಲದ್ದು ಆರತಿದು.”

ಹೊಳಬಸಪ್ಪನವರು ಪ್ಯಾಕೆಟ್ ಎತ್ತಿಕೊಂಡು, ಅಭ್ಯಾಸಬಲದಿಂದ, ಅದರ ತಳ ತಿರುವಿ ನೋಡಿದರು. ಅಷ್ಟು ಸಾಕಾಯಿತು. ಭೀಮವ್ವನವರು ನಗಲು ಶುರು ಮಾಡಿದರು. ಮೊದಲು ತಡೆತಡೆದು, ಆಮೇಲೆ ಕುರ್ಚಿ ಹಿಡಿದುಕೊಂಡು, ಆಮೇಲೆ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ನಕ್ಕರು. ಅತ್ತೆ ಸೊಸೆ ಒಬ್ಬರಿಗೊಬ್ಬರು ಆನಿಸಿಕೊಂಡು ನಿಂತದ್ದನ್ನು ಆ ಮನೆ ಅದೇ ಮೊದಲ ಸಲ ನೋಡಿದ್ದು. ಹೊಳಬಸಪ್ಪನವರಿಗೆ ಅವಮಾನವೂ ಆಗಿತ್ತು, ಎದೆಯ ಮೇಲಿನ ಕಲ್ಲೊಂದು ಇಳಿದಂತೆಯೂ ಆಗಿತ್ತು. ಯಾವುದು ಹೆಚ್ಚು ಎಂದು ಅವರು ಹೇಳಲಾರರು.

“ನಿಮ್ಮ ಪ್ರೊಫೆಸರ್ ಡಿಗ್ರಿಗೆ ಮಾನ್ಯತಾ ಇಲ್ಲಪ್ಪಾ,” ಎಂದಳು ಸ್ನೇಹಲ್. “ಪರೀಕ್ಷಾ ನಪಾಸ್. ಮತ್ತ ಬರೀಬಹುದು. ಅಲ್ಲೀತನಾ ಇಂಟರ್ನ್‌ಶಿಪ್.”

ಇಂಟರ್ನ್‌ಶಿಪ್ ಮರುದಿನವೇ ಆರಂಭವಾಯಿತು. ಅಡುಗೆಮನೆಯ ನೆಲದ ಮೇಲೆ ಕಾಗದ ಹಾಸಿ, ಹೊಳಬಸಪ್ಪನವರನ್ನು ಸಜ್ಜೆ ಹಿಟ್ಟು ಜರಡಿ ಹಿಡಿಯಲು ಕೂರಿಸಿದರು. ಹಿಟ್ಟು ಮೂಗಿಗೆ ಹೋಗಿ ಸೀನಿದರೆ ‘ಆಕಡೆ ಮುಖಾ ಮಾಡಿ ಸೀನ್ರಿ’ ಎಂಬ ಸೂಚನೆ ಬರುತ್ತಿತ್ತು. ಎಳ್ಳು ಹಸನು ಮಾಡಿದರು. ಗ್ಯಾಸಿನ ಸಿಲಿಂಡರ್ ಬದಲಿಸಿದರು. ಕಟ್ಟೆಯ ಮೇಲೆ ಭೀಮವ್ವ ಬಡಿಯುತ್ತಿದ್ದರು, ಆರತಿ ಬೇಯಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆರತಿ ಬಡಿಯತೊಡಗಿದಳು, ಭೀಮವ್ವ ಬೇಯಿಸತೊಡಗಿದರು.

“ಅಂಚು ಒಡಿಯದಂಗ ಹ್ಯಾಂಗ ತಿರುವ್ತೀಯವಾ? ನಿಮ್ಮಜ್ಜಿ ಹಿಂಗ ಮಾಡ್ತಿದ್ಲೇನು?”

“ಹೌದ್ರಿ ಅತ್ತಿ. ಬಟ್ಟು ಹಿಂಗ ಒಳಗ ಮಡಚಬೇಕ್ರಿ. ನಿಮ್ಮ ರೊಟ್ಟಿ ಮರುದಿನಾನೂ ಮೆತ್ತಗ ಇರ್ತಾವಲ್ರಿ, ಅದೇನು?”

“ಅದು ಶಿಂದೆ ಕಾಕುನ ಗುಟ್ಟು. ಕುದಿಯೂ ನೀರಿಗೆ ಹಿಟ್ಟು ಹಾಕಿ ಮುಚ್ಚಿಡಬೇಕು. ಆಕಿ ಯಾರಿಗೂ ಹೇಳಬ್ಯಾಡ ಅಂದಿದ್ಲು. ಬಾ, ತೋರಸ್ತೀನಿ.” ಭೀಮವ್ವನವರು ಇಂಟರ್ನಿನ ಕಡೆ ತಿರುಗಿದರು. “ನೀವು ಆಕಡೆ ನೋಡ್ರಿ.”

ಎಳ್ಳಮಾವಾಸ್ಯೆಯ ದಿನ ಅವಧೂತರ ಹೊಲದಲ್ಲಿ ಬಳಗ ನೆರೆಯಿತು. ಎದೆಯೆತ್ತರದ ಜೋಳ, ತಂಪು ಬಿಸಿಲು. ಪೂಜೆ ಮುಗಿದು ಚರಗ ಚೆಲ್ಲಿಯಾಯಿತು. ಮರದ ನೆರಳಿನಲ್ಲಿ ಪಂಕ್ತಿ ಕೂತಿತು. ರೊಟ್ಟಿಯ ಗಂಟು ಬಿಚ್ಚಿತು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಜೊತೆ ರೊಟ್ಟಿ ಎಲೆಯಿಂದೆಲೆಗೆ ನಡೆಯಿತು.

“ಭೀಮವ್ವಾರ, ಪ್ರತಿ ವರ್ಷಕ್ಕಿಂತ ಈ ವರ್ಷ ಭಾಳ ಛಲೋ ಆಗ್ಯಾವ್ರಿ!” ಎಂದ ಸುದೀಪ, ಬಾಯಿ ತುಂಬಿಕೊಂಡೇ. “ಇದು ನೋಡ್ರಿ ಜಮಖಂಡಿ ಕೈ!”

ಹೊಳಬಸಪ್ಪನವರು ಎಲೆಯ ಮೇಲೆ ತಲೆ ತಗ್ಗಿಸಿದರು. ಭೀಮವ್ವನವರು ಬಡಿಸುವುದನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

“ಜಮಖಂಡಿ ಅಲ್ಲಪಾ. ನಾ ರೊಟ್ಟಿ ಕಲ್ತಿದ್ದು ಇಲ್ಲೇ ಖಡಕಿದಾಗ, ಮರಾಠಿ ಕಾಕು ಕಡೆ. ಇದರಾಗ ಅರ್ಧಾ ನಮ್ಮ ಆರತಿ ಮಾಡ್ಯಾಳ. ಆಕಿ ವಿಜಾಪುರದಾಗ ಕಲ್ತಾಕಿ. ಮುಂದಿನ ವರ್ಷಾನೂ ಇಬ್ಬರೂ ಮಾಡ್ತೀವಿ.”

ಮೊದಲು ಅವಧೂತರು ತೊಡೆ ತಟ್ಟಿ ನಕ್ಕರು. ಎಷ್ಟೋ ವರ್ಷದಿಂದ ಈ ರೊಟ್ಟಿ ತಿಂದಾಗಲೆಲ್ಲ ತಮ್ಮ ತಾಯಿಯ ಭಾಕರಿ ನೆನಪಾಗುತ್ತಿತ್ತಂತೆ. ಹೇಳಿದರೆ ಕನ್ನಡದವರಿಗೆ ಬೇಜಾರಾದೀತೆಂದು ಸುಮ್ಮನಿದ್ದರಂತೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆರತಿಯ ಮುಂದೆ ಎಲೆಗಳು ಚಾಚಿಕೊಂಡವು. ಭೀಮವ್ವನವರ ಮುಖ ಸಜ್ಜೆ ರೊಟ್ಟಿಯಷ್ಟೇ ಬಿಸಿಯಾಗಿ, ಅಷ್ಟೇ ದುಂಡಗೆ ಹೊಳೆಯುತ್ತಿತ್ತು.

“ಅಂದ್ರ ಎರಡು ನಮೂನಿ ರೊಟ್ಟಿ ಅದಾವ!” ಸುದೀಪನಿಗೆ ಉತ್ಸಾಹ ಬಂತು. ಅವನು ಗಂಟಿನಿಂದ ಎರಡು ರೊಟ್ಟಿ ಎತ್ತಿ, ಪಂಕ್ತಿಯ ಕೊನೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದವರ ಎಲೆಯ ಮೇಲಿಟ್ಟ. “ಹೊಳಬಸಪ್ಪನವ್ರ, ನೀವು ಹೇಳಬೇಕ್ರಿ ಈಗ. ಯಾವುದು ಅತ್ತೀದು, ಯಾವುದು ಸೊಸೀದು? ಕಣ್ಣು ಕಟ್ಟಿದ್ರೂ ಹೇಳಾವ್ರು ನೀವು!”

ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಹೆಗಲ ಮೇಲಿನ ವಸ್ತ್ರ ತೆಗೆದು ಮುಂದೆ ಚಾಚಿದರು. ಹೊಳಬಸಪ್ಪನವರು ಹೆಂಡತಿಯ ಕಡೆ ನೋಡಿದರು. ಭೀಮವ್ವ ಬದನೆಕಾಯಿಯ ತೊಟ್ಟನ್ನು ಬಹಳ ಗಮನದಿಂದ ಪರಿಶೀಲಿಸುತ್ತಿದ್ದರು. ಸೊಸೆಯ ಕಡೆ ನೋಡಿದರು. ಆರತಿ ಜೋಳದ ತೆನೆಯ ಮೇಲೆ ಕೂತ ಹಕ್ಕಿಯನ್ನು ನೋಡುತ್ತಿದ್ದಳು. ಮಗಳ ಕಡೆ ನೋಡುವ ಅಗತ್ಯವೇ ಇರಲಿಲ್ಲ. ಅವಳು ಆಗಲೇ ಮೊಬೈಲು ಎತ್ತಿ ವಿಡಿಯೋ ಹಿಡಿಯುತ್ತಿದ್ದಳು.

ಹೊಳಬಸಪ್ಪನವರು ಎದ್ದು ನಿಂತರು. ಕೈ ಜೋಡಿಸಿದರು.

“ಕ್ಷಮಾ ಇರಲ್ರಿ. ನಂದಿನ್ನೂ ಇಂಟರ್ನ್‌ಶಿಪ್ ನಡದದ,” ಎಂದು, ಯಾರಿಗೂ ಅರ್ಥವಾಗುವ ಮೊದಲೇ ನೀರಿನ ತಂಬಿಗೆ ಎತ್ತಿಕೊಂಡು ಪಂಕ್ತಿಯ ಆ ತುದಿಗೆ ಬಡಿಸಲು ಹೊರಟರು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಭೀಮವ್ವನವರ ಧ್ವನಿ ಬಂತು.

“ರೀ, ನೀರು ಆಮ್ಯಾಲ. ಮದಲ ಆ ಬೋಗಾಣಿ ತಿಕ್ಕಿ ಇಡ್ರಿ.”

ಪಾತ್ರೆ ವ್ಯಾಪಾರಿ ಹೊಳಬಸಪ್ಪನವರು ತಂಬಿಗೆ ಕೆಳಗಿಟ್ಟು, ಅಂಗಿಯ ತೋಳು ಮಡಚಿಕೊಂಡು, ಬಾವಿಯ ಕಡೆ ನಡೆದರು.